ಅತಿಥಿಗಳಿಗೆ ಏನಾಗುತ್ತದೆ?

ಸೃಷ್ಟಿಯ ವಿಸ್ಮಯಗಳನ್ನು ತೋರಿಸಿ ಮಕ್ಕಳಿಗೆ ಸನ್ನಡತೆಯನ್ನು ಕಲಿಸುವುದು ನಮ್ಮಲ್ಲಿ ರೂಢಿ. ಇರುವೆಯನ್ನು ತೋರಿಸಿ ಶ್ರಮದ ಬಗ್ಗೆ ಹೇಳುತ್ತೇವೆ, ಜೇನನ್ನು ತೋರಿಸಿ ಒಗ್ಗಟ್ಟಿನ ಬಗ್ಗೆ. ಪ್ರಿಯ ಓದುಗರೇ, ಹಾಗೆ ಹೇಳುವಾಗ ಆ ಜೀವಿಯ ಬದುಕಿನ ಎಷ್ಟು ಭಾಗವನ್ನು ನಾವು ಹೇಳದೆ ಬಿಡುತ್ತೇವೆಂದು ನೀವು ಎಂದಾದರೂ ಯೋಚಿಸಿದ್ದೀರಾ? ನಾನು ಯೋಚಿಸಿರಲಿಲ್ಲ. ಕಡಲ ತಳದ ಒಂದು ಚಿಪ್ಪುಜೀವಿ ನನ್ನನ್ನು ಯೋಚಿಸುವಂತೆ ಮಾಡಿತು.

1977ರಲ್ಲಿ ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ ಭೂವಿಜ್ಞಾನಿಗಳು 'ಆಲ್ವಿನ್' ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಸುಮಾರು 2,500 ಮೀಟರ್ ಆಳಕ್ಕಿಳಿದರು. ಅವರು ಹುಡುಕುತ್ತಿದ್ದದ್ದು ಕಡಲ ತಳದ ಬಿಸಿನೀರಿನ ಬುಗ್ಗೆಗಳನ್ನು. ಆ ತಂಡದಲ್ಲಿ ಜೀವವಿಜ್ಞಾನಿ ಒಬ್ಬರೂ ಇರಲಿಲ್ಲ. ಅಂಥ ಕತ್ತಲೆಯಲ್ಲಿ ಜೀವಿಗಳ ಗುಂಪುಗಳು ಸಿಕ್ಕಾವೆಂದು ಯಾರು ತಾನೇ ನಿರೀಕ್ಷಿಸಿದ್ದರು? ಆದರೆ ಬುಗ್ಗೆಯ ಸುತ್ತಲಿನ ಬಂಡೆಗಳಲ್ಲಿ ಚಿಪ್ಪುಜೀವಿಗಳು ಕಿಕ್ಕಿರಿದಿದ್ದವು. 1985ರಲ್ಲಿ ಕೆಂಕ್ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಅವುಗಳಲ್ಲೊಂದಕ್ಕೆ 'ಬ್ಯಾಥಿಮೋಡಿಯೋಲಸ್ ಥರ್ಮೋಫಿಲಸ್' ಎಂದು ಹೆಸರಿಟ್ಟರು. ಥರ್ಮೋಫಿಲಸ್ ಎಂದರೆ ಶಾಖಪ್ರಿಯ. ಹೆಸರು ತುಸು ಹೆಚ್ಚೇ ಆಯಿತೆನ್ನಬೇಕು. ಅದು ಕುದಿಯುವ ನೀರಿನಲ್ಲಲ್ಲ, ಬುಗ್ಗೆಯ ನೀರು ತಣ್ಣನೆಯ ಕಡಲ ನೀರಿನೊಡನೆ ಬೆರೆತು ಉಗುರುಬೆಚ್ಚಗೂ ಇಲ್ಲದಂತಾಗುವ ಜಾಗದಲ್ಲಿ ವಾಸಿಸುತ್ತದೆ.

ನಮ್ಮ ಕರಾವಳಿಯವರು ಪಚ್ಚಿಲೆಯನ್ನು ಬಲ್ಲರು. ಇದು ಅದರದೇ ದೂರದ ನೆಂಟ. ಅದರಂತೆಯೇ ಉದ್ದನೆಯ ಎರಡು ಚಿಪ್ಪುಗಳು, ಬಂಡೆಗೆ ಅಂಟಿಕೊಳ್ಳಲು ಗಟ್ಟಿಯಾದ ಎಳೆಗಳು. ಬೆಳೆದದ್ದು ಅಂಗೈಗಿಂತಲೂ ಉದ್ದವಿರುತ್ತದೆ. ಆದರೆ ಆ ಗಾತ್ರಕ್ಕೆ ಚಿಪ್ಪು ತೆಳ್ಳಗೆ. ಹೊರಗೆ ಕಂದು ಬಣ್ಣದ ಹೊಳೆಯುವ ಸಿಪ್ಪೆ, ಒಳಗೆ ಮುತ್ತಿನ ಕಾಂತಿ. ನೆತ್ತಿಯ ಮೇಲೆ ಸುಮಾರು 250 ವಾಯುಭಾರದಷ್ಟು ನೀರಿನ ಒತ್ತಡವಿದೆ. ಆದರೂ ಚಿಪ್ಪು ಒಡೆಯುವುದಿಲ್ಲ, ಏಕೆಂದರೆ ಒಳಗೂ ಹೊರಗೂ ಇರುವ ನೀರಿನ ಒತ್ತಡ ಒಂದೇ.

ನಿಜವಾದ ವ್ಯತ್ಯಾಸ ಕಾಣುವುದು ಚಿಪ್ಪು ತೆರೆದಾಗ. ಪಚ್ಚಿಲೆಯ ಕಿವಿರು ತೆಳ್ಳನೆಯ ಜರಡಿಯಂತಿದ್ದು, ನೀರಿನಲ್ಲಿ ತೇಲುವ ಸೂಕ್ಷ್ಮ ಆಹಾರವನ್ನು ಸೋಸಿ ಬಾಯಿಗೆ ಕಳುಹಿಸುತ್ತದೆ. ಈ ಆಳದ ಜೀವಿಯ ಕಿವಿರೋ ದಪ್ಪಗೆ ಮಾಂಸಲವಾಗಿ ಚಿಪ್ಪಿನ ಒಳಗನ್ನೆಲ್ಲ ತುಂಬಿದಂತಿದೆ. ಹೊಟ್ಟೆ ಮಾತ್ರ ಚಿಕ್ಕದು. ಕರುಳು ಸುರುಳಿಯಿಲ್ಲದ ನೇರ ಕೊಳವೆ. ಕಿವಿರಿನ ಜೀವಕೋಶಗಳೊಳಗೆ ಬ್ಯಾಕ್ಟೀರಿಯಾಗಳು ತುಂಬಿಕೊಂಡಿವೆ. ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ (ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ) ಇವುಗಳ ಇಂಧನ. ಅದರ ಶಕ್ತಿಯಿಂದ, ನೀರಿನಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡನ್ನು ಅವು ಆಹಾರವಾಗಿ ಮಾರ್ಪಡಿಸುತ್ತವೆ. ಈ ಬ್ಯಾಕ್ಟೀರಿಯಾಗಳು ತಾಯಿಯಿಂದ ಮರಿಗೆ ಬಳುವಳಿಯಾಗಿ ಬರುವುದಿಲ್ಲ. ಪ್ರತಿ ಮರಿಯೂ ತನ್ನ ಪಾಲನ್ನು ಸುತ್ತಲಿನ ನೀರಿನಿಂದಲೇ ಪಡೆಯಬೇಕು.

ಇದನ್ನೆಲ್ಲ ಓದಿದಾಗ ನನಗಾದ ಸಂತೋಷ ಹೇಳತೀರದು. ಅತಿಥಿ ಸತ್ಕಾರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಅಪರಿಚಿತರಿಗೆ ಮನೆಯ ಬಾಗಿಲು ತೆರೆದಿದೆ, ತನ್ನ ಹೊಟ್ಟೆಯನ್ನು ಚಿಕ್ಕದು ಮಾಡಿಕೊಂಡು ಅತಿಥಿಗಳಿಗೆ ಜಾಗ ಕೊಟ್ಟಿದೆ, ಸೂರ್ಯನ ಹಂಗೇ ಇಲ್ಲದ ಅನ್ನ ಅದಕ್ಕೆ ಸಿಕ್ಕಿದೆ! ತರಗತಿಯಲ್ಲಿ ಕರಿಹಲಗೆಯ ಮೇಲೆ ಚಿತ್ರ ಬರೆದು ಹಾಗೆಯೇ ಹೇಳಿದೆ. ಮಕ್ಕಳು ತಲೆದೂಗಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು ಕೇಳಿದಳು: "ಉಸ್ತಾದ್, ಆ ಅತಿಥಿಗಳಿಗೆ ಕೊನೆಗೆ ಏನಾಗುತ್ತದೆ?"

ಉತ್ತರ ನನಗೆ ಗೊತ್ತಿತ್ತು. ಓದಿದ ಪುಟದಲ್ಲಿಯೇ ಇತ್ತು. ಆತಿಥೇಯನು ಅತಿಥಿಗಳನ್ನು ಜೀರ್ಣಿಸಿಕೊಳ್ಳುತ್ತಾನೆ! ಕಿವಿರಿನ ಜೀವಕೋಶಗಳ ಒಳಗೇ ಬ್ಯಾಕ್ಟೀರಿಯಾಗಳು ಕರಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ. ಚಿಪ್ಪುಜೀವಿಗೆ ಪೋಷಣೆ ದೊರೆಯುವ ಒಂದು ಮುಖ್ಯ ದಾರಿ ಅದೇ. ಇದರದೇ ಕುಲದ ಅಟ್ಲಾಂಟಿಕ್ ಸಾಗರದ ಜೀವಿಗಳನ್ನು ಗಂಧಕವಿಲ್ಲದ ನೀರಿನಲ್ಲಿ ಕೆಲವು ವಾರ ಇಟ್ಟಾಗ ಕಿವಿರುಗಳು ಹೆಚ್ಚುಕಡಿಮೆ ಖಾಲಿಯಾಗಿದ್ದವು. "ಮುಂದಿನ ವಾರ ಹೇಳುತ್ತೇನೆ, ಕುಳಿತುಕೋ ಮಗಳೇ" ಎಂದೆ.

ಆ ವಾರವಿಡೀ ನನಗೆ ನೆಮ್ಮದಿಯಿರಲಿಲ್ಲ. ಮತ್ತೆ ಪುಸ್ತಕಗಳನ್ನು ತೆರೆದೆ. ಸೂರ್ಯನ ಹಂಗಿಲ್ಲವೆಂದ ಮಾತೂ ಅರ್ಧ ಸತ್ಯವೇ ಆಗಿತ್ತು. ಸಲ್ಫೈಡನ್ನು ಉರಿಸಿ ಶಕ್ತಿ ಪಡೆಯಲು ಆ ಬ್ಯಾಕ್ಟೀರಿಯಾಗಳಿಗೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಅದು ಎಲ್ಲಿಂದ ಬಂತು? ಮೇಲೆ ಬಿಸಿಲಿನಲ್ಲಿ ಬದುಕುವ ಪಾಚಿಗಳಿಂದ, ಗಿಡಮರಗಳಿಂದ. ತಣ್ಣಗಾಗಿ ಕೆಳಗಿಳಿಯುವ ನೀರು ಅದನ್ನು ಆ ಕತ್ತಲೆಗೆ ಮುಟ್ಟಿಸುತ್ತದೆ. ಅಂದರೆ ಎಂದೂ ಕಾಣದ ಬಿಸಿಲಿನ ಋಣದಲ್ಲಿಯೇ ಅದು ಬದುಕಿದೆ.

"ಕೇಳುವವರಿಗೆ ಒಳ್ಳೆಯ ಗುಣ ಬಂದರೆ ಸಾಕಲ್ಲವೇ, ಉಳಿದರ್ಧವನ್ನು ಹೇಳಿ ಗೊಂದಲವೇಕೆ?" ಎಂದು ನನ್ನ ಹಿರಿಯ ಸ್ನೇಹಿತರೊಬ್ಬರು ಕೇಳಿದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಆ ಹುಡುಗಿ ನಾಳೆ ಕಾಲೇಜಿನಲ್ಲಿ ಉಳಿದರ್ಧವನ್ನು ಓದುತ್ತಾಳೆ. ಆಗ ಅವಳ ಮನಸ್ಸಿನಲ್ಲಿ ಕುಸಿಯುವುದು ಚಿಪ್ಪಿನ ಕಥೆ ಮಾತ್ರವೇ? ಅದರೊಂದಿಗೆ ಅತಿಥಿ ಸತ್ಕಾರದ ಪಾಠವೂ, ಪಾಠ ಹೇಳಿದವನ ಮೇಲಿನ ವಿಶ್ವಾಸವೂ ಕುಸಿಯಲಾರವೇ?

ಹಾಗಾದರೆ ಚಿಪ್ಪುಜೀವಿ ದ್ರೋಹಿಯೇ? ಅದನ್ನೂ ಹೇಳುವಂತಿಲ್ಲ. ಬೇರೆ ದಾರಿ ಹಿಡಿಯಲು ಸಾಧ್ಯವಿದ್ದವನಿಗೆ ಮಾತ್ರ ದ್ರೋಹವೆಂಬ ಮಾತು ಸಲ್ಲುತ್ತದೆ. ಚಿಪ್ಪುಜೀವಿ ಅತಿಥಿಯನ್ನು ಕರೆದೂ ಇಲ್ಲ, ಮಾತು ಕೊಟ್ಟೂ ಇಲ್ಲ. ಅತಿಥಿ, ಆತಿಥೇಯ ಎಂಬ ಹೆಸರುಗಳನ್ನು ಅದರ ಮೇಲೆ ಹೊರಿಸಿದವನು ನಾನು. ಅದನ್ನು ಹೊಗಳಲು ನನಗೆ ಎಷ್ಟು ಅಧಿಕಾರವಿರಲಿಲ್ಲವೋ ತೆಗಳಲೂ ಅಷ್ಟೇ ಇಲ್ಲ. ಅದರ ಕಿವಿರು, ಕರುಳುಗಳ ರಚನೆಯನ್ನು ಕಂಡು ಬೆರಗಾಗಬಹುದು, ಆದರೆ ಬಾಗಿಲಿಗೆ ಬಂದವನನ್ನು ಹೇಗೆ ನಡೆಸಿಕೊಳ್ಳಬೇಕೆಂದು ಅದನ್ನು ಕೇಳುವಂತಿಲ್ಲ. ಆ ಹೊಣೆ ಆಯ್ಕೆಯ ಶಕ್ತಿಯುಳ್ಳ ಮನುಷ್ಯನದು.

ಮುಂದಿನ ವಾರ ಮತ್ತೆ ಅದೇ ಚಿತ್ರ ಬರೆದು ಎಲ್ಲವನ್ನೂ ಹೇಳಿದೆ, ಹಿಂದಿನ ವಾರ ಉತ್ತರ ಗೊತ್ತಿದ್ದೂ ಮರೆಮಾಡಿದ್ದನ್ನೂ ಸೇರಿಸಿ. ಕೆಲವು ಮಕ್ಕಳು "ಛೇ" ಎಂದರು. ಆ ಹುಡುಗಿ ಮಾತ್ರ ತನ್ನ ನೋಟ್ ಪುಸ್ತಕದಲ್ಲಿ ಬರೆದಿದ್ದ ಚಿಪ್ಪಿನ ಚಿತ್ರವನ್ನು ತೆಗೆದು, ಕಿವಿರಿನೊಳಗೆ ಹಾಕಿದ್ದ ಚುಕ್ಕೆಗಳಲ್ಲಿ ಕೆಲವನ್ನು ರಬ್ಬರಿನಿಂದ ಅರ್ಧರ್ಧ ಅಳಿಸಿದಳು.