ದೇವರ ವಾಕ್ಯ, ಮನುಷ್ಯರ ಕೈಬರಹ

ಪ್ರತಿ ವಾರ ನಾವು ಸತ್ಯವೇದ ತೆರೆದು ಸಂದೇಶ ಕೇಳುತ್ತೇವೆ. ಇವತ್ತು ಆ ಸತ್ಯವೇದದ ಬಗ್ಗೆಯೇ ಸ್ವಲ್ಪ ಮಾತಾಡೋಣ. ನಮ್ಮ ಕೈಯಲ್ಲಿರುವ ಈ ಪುಸ್ತಕ ದೇವರ ಮಾತಾ, ಮನುಷ್ಯರ ಮಾತಾ?

"ಇದರಲ್ಲಿ ಕೇಳ್ಲಿಕ್ಕೆ ಎಂತ ಉಂಟು, ದೇವರ ಮಾತೇ" ಅಂತ ನಿಮ್ಮಲ್ಲಿ ಹಲವರು ಹೇಳ್ತೀರಿ. ಆಮೆನ್. ನಾನೂ ಅದನ್ನೇ ನಂಬುವವನು. ಆದರೆ ಮಣಿಪಾಲದಲ್ಲಿ ಓದುವ ಒಬ್ಬ ತಮ್ಮ ಒಂದು ರಾತ್ರಿ ನನಗೆ ಒಂದು ಪುಟದ ಫೋಟೊ ಕಳಿಸಿದ. ಮಾರ್ಕನ ಸುವಾರ್ತೆ, 16ನೇ ಅಧ್ಯಾಯ. ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ: ಬಹಳ ಹಳೆಯ ಕೆಲವು ಪ್ರತಿಗಳಲ್ಲಿ 9ರಿಂದ 20ರವರೆಗಿನ ವಚನಗಳು ಇಲ್ಲ ಎಂಬ ಅರ್ಥದ್ದು. ಆ ವಚನಗಳು ಯಾವುವು ಗೊತ್ತಲ್ವಾ? ನಂಬುವವರು ಹೊಸ ಭಾಷೆಗಳನ್ನಾಡುವುದು, ರೋಗಿಗಳ ಮೇಲೆ ಕೈಯಿಡುವುದು, ಅವರು ಗುಣವಾಗುವುದು. ನಮ್ಮ ಪೆಂತೆಕೋಸ್ತ ಸಭೆಗಳಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೂ ಬಾಯಿಪಾಠ ಇರುವ ವಚನಗಳು. ಫೋಟೊದ ಕೆಳಗೆ ಅವನು ಒಂದೇ ಸಾಲು ಬರೆದಿದ್ದ: "ಅಣ್ಣಾ, ಇದೇ ಆಮೇಲೆ ಸೇರಿಸಿದ್ದಾದರೆ ಬೇರೆ ಯಾವುದನ್ನು ನಂಬೋದು?"

ಇಂಥ ಪ್ರಶ್ನೆ ಕೇಳಿದವನಿಗೆ "ಸೈತಾನನು ಸಂಶಯ ತರ್ತಾನೆ, ಪ್ರಾರ್ಥನೆ ಮಾಡು" ಅಂತ ಹೇಳಿ ಮಲಗಬಹುದು. ಅವನೂ "ಸರಿ ಅಣ್ಣ" ಅನ್ನುತ್ತಾನೆ. ಆಮೇಲೆ ನಿಧಾನಕ್ಕೆ ಸಭೆಗೆ ಬರುವುದು ನಿಲ್ಲಿಸುತ್ತಾನೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ನಾಲ್ಕನೇ ಶತಮಾನದ ಎರಡು ಪ್ರಸಿದ್ಧ ಕೈಬರಹದ ಪ್ರತಿಗಳು, ಸಿನಾಯ್ ಪ್ರತಿ ಮತ್ತು ವ್ಯಾಟಿಕನ್ ಪ್ರತಿ, ಎರಡರಲ್ಲೂ ಮಾರ್ಕನ ಸುವಾರ್ತೆ 8ನೇ ವಚನಕ್ಕೆ ಮುಗಿಯುತ್ತದೆ. ಆದರೆ ಅದಕ್ಕೂ ಮೊದಲೇ, ಎರಡನೇ ಶತಮಾನದಲ್ಲಿ, ಇರೇನಿಯಸ್ ಎಂಬ ಸಭಾಪಿತನಿಗೆ ಈ ಮುಂದಿನ ಭಾಗ ಗೊತ್ತಿತ್ತು. ಅಂದರೆ ಭಾಗ ಬಹಳ ಹಳೆಯದು, ಆದರೆ ಮಾರ್ಕನ ಕೈಯದ್ದಲ್ಲ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಒಂದು ವಿಷಯ ಗಮನಿಸಿ. ಈ ಟಿಪ್ಪಣಿಯನ್ನು ನಮ್ಮ ವಿರೋಧಿಗಳು ಹಾಕಿದ್ದಲ್ಲ. ಸತ್ಯವೇದವನ್ನು ಅಚ್ಚು ಹಾಕಿಸಿದವರೇ ಹಾಕಿದ್ದು. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ.

ಹಾಗಾದರೆ ನಮಗೆ ಗಾಬರಿ ಯಾಕೆ? ನಮ್ಮ ಮನಸ್ಸಿನಲ್ಲಿ ಸತ್ಯವೇದದ ಚಿತ್ರ ಕಾರ್ಕಳದ ಗೊಮ್ಮಟನ ಹಾಗೆ ಉಂಟು. 1432ರಲ್ಲಿ ನಿಲ್ಲಿಸಿದ್ದು, ಸುಮಾರು 42 ಅಡಿ ಎತ್ತರ, ಇಡೀ ಮೂರ್ತಿ ಒಂದೇ ಕಲ್ಲು. ಎಲ್ಲಿಯೂ ಜೋಡಣೆ ಇಲ್ಲ. ದೇವರ ವಾಕ್ಯವೂ ಹಾಗೇ ಒಂದೇ ಬಂಡೆಯಾಗಿ ಮೇಲಿನಿಂದ ಇಳಿದದ್ದು ಅಂತ ನಾವು ಅಂದುಕೊಂಡಿದ್ದೇವೆ. ಅದರಲ್ಲಿ ಒಂದು ಬಿರುಕು ಕಂಡರೆ ಎಲ್ಲವೂ ಬಿದ್ದುಹೋಯಿತು ಅನಿಸುತ್ತದೆ.

ಆದರೆ ಸತ್ಯವೇದ ತನ್ನ ಬಗ್ಗೆ ಹಾಗೆ ಹೇಳಿಕೊಳ್ಳುವುದೇ ಇಲ್ಲ. ಅದು 66 ಪುಸ್ತಕ, ಹೀಬ್ರೂ, ಅರಾಮಿಕ್, ಗ್ರೀಕ್ ಅಂತ ಮೂರು ಭಾಷೆ. ಲೂಕನು ತನ್ನ ಸುವಾರ್ತೆಯ ಆರಂಭದಲ್ಲೇ ತಾನು ಎಲ್ಲವನ್ನೂ ವಿಚಾರಿಸಿ, ಕಣ್ಣಾರೆ ಕಂಡವರಿಂದ ಬಂದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ ಅನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯದಲ್ಲಿ, ಪೌಲನು ಹೇಳಿದ್ದನ್ನು ಬರೆದುಕೊಂಡ ತೆರ್ತ್ಯನು ನಡುವೆ ತನ್ನದೂ ಒಂದು ವಂದನೆ ಸೇರಿಸುತ್ತಾನೆ. 1 ಕೊರಿಂಥ ಮೊದಲನೇ ಅಧ್ಯಾಯದಲ್ಲಿ ಪೌಲನು ತಾನು ಯಾರ್ಯಾರಿಗೆ ದೀಕ್ಷಾಸ್ನಾನ ಕೊಟ್ಟೆ ಎಂದು ನೆನಪು ಮಾಡಿಕೊಳ್ಳುತ್ತಾನೆ, ಬೇರೆಯವರದು ನೆನಪಿಲ್ಲ ಅಂತ ಬಿಡುತ್ತಾನೆ. ಇವೆಲ್ಲ ಮನುಷ್ಯರ ಗುರುತುಗಳು. ಅದೇ ಪೌಲನು 2 ತಿಮೊಥೆಯ 3:16ರಲ್ಲಿ ಶಾಸ್ತ್ರವು ದೇವರ ಉಸಿರಿನಿಂದ ಬಂದದ್ದು ಎಂಬ ಅರ್ಥದ ಮಾತನ್ನು ಬಳಸುತ್ತಾನೆ. 2 ಪೇತ್ರ 1:21ನ್ನು ಮನೆಗೆ ಹೋಗಿ ಓದಿ: ಮಾತಾಡಿದವರು ಮನುಷ್ಯರು, ನಡೆಸಿದವನು ಪವಿತ್ರಾತ್ಮನು. ಎರಡೂ ಒಂದೇ ವಚನದಲ್ಲಿ ಉಂಟು. ನಾವು ಒಂದನ್ನು ಹಿಡಿದು ಇನ್ನೊಂದನ್ನು ಬಿಡಬಾರದು.

ಇನ್ನೊಂದು ಯೋಚನೆ ಮಾಡಿ. ಯೇಸು ಮಾತಾಡಿದ್ದು ಅರಾಮಿಕ್, ಸುವಾರ್ತೆಗಳು ಬರೆದದ್ದು ಗ್ರೀಕ್. ತಲಿಥಾ ಕೂಮ್, ಎಫ್ಫಥಾ, ಅಬ್ಬಾ, ಹೀಗೆ ಕೆಲವೇ ಮಾತುಗಳು ಆತನ ಬಾಯಿಂದ ಬಂದ ಹಾಗೇ ಉಳಿದಿವೆ. ಉಳಿದದ್ದೆಲ್ಲ ನಮಗೆ ಸಿಕ್ಕಿದಾಗಲೇ ಅನುವಾದ. ದೇವರಿಗೆ ಅದರಲ್ಲಿ ತೊಂದರೆ ಕಾಣಲಿಲ್ಲ. ಪಂಚಾಶತ್ತಮ ದಿನದಲ್ಲಿ ಪವಿತ್ರಾತ್ಮನು ಇಳಿದು ಬಂದಾಗ, ಸೇರಿದವರಿಗೆಲ್ಲ ಒಂದು ಪವಿತ್ರ ಭಾಷೆ ಕಲಿಸಲಿಲ್ಲ. ಪ್ರತಿಯೊಬ್ಬನಿಗೂ ಅವನವನ ಹುಟ್ಟುಭಾಷೆಯಲ್ಲೇ ಕೇಳಿಸಿತು.

ಅದು ನಮ್ಮ ಊರಿನಲ್ಲೂ ನಡೆಯಿತು ಪ್ರಿಯರೇ. ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ವರ್ಷಗಟ್ಟಲೆ ಕನ್ನಡ ಸತ್ಯವೇದಕ್ಕಾಗಿ ದುಡಿದರು. 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು, 1841ರಲ್ಲಿ ಅಲ್ಲಿ ಮುದ್ರಣಾಲಯ ಆಯಿತು. ಅವರಲ್ಲಿ ಒಬ್ಬರಾದ ಗ್ರೈನರ್ ಅವರ ಕೆಲಸದಿಂದ 1847ರಲ್ಲಿ ಹೊಸ ಒಡಂಬಡಿಕೆ ತುಳುವಿನಲ್ಲಿ, ಕನ್ನಡ ಅಕ್ಷರದಲ್ಲಿ ಬಂತು. ಜರ್ಮನ್ ಮನೆಮಾತಿನವರಿಗೆ ತುಳು ತಾನಾಗಿ ಬರಲಿಲ್ಲ, ಇಲ್ಲಿಯವರ ಬಾಯಿಂದ ಕಲಿತರು. ಅನುವಾದವನ್ನು ತಿದ್ದಿದರು, ಮತ್ತೆ ತಿದ್ದಿದರು. ಇವತ್ತಿಗೂ ಅಜ್ಜಿಯ ಸತ್ಯವೇದವನ್ನೂ ನಿಮ್ಮ ಫೋನಿನ ಆ್ಯಪ್‌ ಅನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ವಚನದ ಮಾತು ಬೇರೆಬೇರೆ. ಆದರೆ ಕಾಪುವಿನ ಒಬ್ಬ ತಾಯಿ ಮಳೆಗಾಲದ ರಾತ್ರಿ ಮಗನ ದೋಣಿಗಾಗಿ ತುಳುವಿನಲ್ಲಿ ಪ್ರಾರ್ಥಿಸುವಾಗ ಆಕೆಗೆ ದೇವರ ಮಾತು ಅರ್ಧ ಸಿಕ್ಕಿದೆ ಅಂತ ಯಾರು ಹೇಳುತ್ತೀರಿ?

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಕಾರ್ಕಳ ಕಡೆಯ ಒಬ್ಬ ಅಮ್ಮನಿಗೆ ಸಕ್ಕರೆ ಕಾಯಿಲೆ. ಬಂಧುವೊಬ್ಬರು ಬಂದು ಅದೇ ಮಾರ್ಕ 16:18 ತೋರಿಸಿ, "ಇದನ್ನು ನಂಬುವುದಾದರೆ ಇನ್ಸುಲಿನ್ ಯಾಕೆ?" ಅಂತ ಕೇಳಿದರು. ಅಮ್ಮ ಇಂಜೆಕ್ಷನ್ ಬಿಟ್ಟರು. ಕೆಲವು ದಿನಗಳಲ್ಲಿ ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ದೇವರ ಕೃಪೆ, ಬದುಕಿದರು. ಆದರೆ ಅವರು ನನ್ನನ್ನು ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ನನ್ನ ನಂಬಿಕೆ ಕಡಿಮೆಯಾಯಿತಾ ಮಗಾ?"

ಅವರಿಗೆ ನಾನು ಅಡಿಟಿಪ್ಪಣಿಯ ವಿಷಯ ಹೇಳಲಿಲ್ಲ. ಯಾಕೆಂದರೆ ತೊಂದರೆ ಆದದ್ದು ಆ ವಚನ ಹಳೆಯ ಪ್ರತಿಯಲ್ಲಿ ಇಲ್ಲ ಎಂಬುದರಿಂದಲ್ಲ. ಮತ್ತಾಯ 4ನೇ ಅಧ್ಯಾಯದಲ್ಲಿ ಸೈತಾನನು ಯೇಸುವಿಗೆ ತೋರಿಸಿದ್ದು ಕೀರ್ತನೆಯ ವಚನ. ಅದಕ್ಕೆ ಯಾವ ಟಿಪ್ಪಣಿಯೂ ಇಲ್ಲ, ಅಪ್ಪಟ ದೇವರ ವಾಕ್ಯ. ಆದರೂ ಅದನ್ನು ಹಿಡಿದು ದೇವಾಲಯದ ಮೇಲಿಂದ ಹಾರು ಅಂದ. ಯೇಸು ಉತ್ತರ ಕೊಟ್ಟದ್ದು ಶಾಸ್ತ್ರದ ಇನ್ನೊಂದು ಮಾತಿನಿಂದ. ಒಂದು ವಚನವನ್ನು ಉಳಿದವುಗಳಿಂದ ಕಿತ್ತು ತೆಗೆದರೆ ಅದರಿಂದಲೇ ಒಬ್ಬರನ್ನು ಕೊಲ್ಲಬಹುದು.

ಆ ಅಮ್ಮನಿಗೆ ನಾನು ಬೇರೆ ವಚನಗಳನ್ನು ಓದಿ ಹೇಳಿದೆ. ಪೌಲನ ಮೈಮೇಲಿನ ಬಟ್ಟೆ ತಾಗಿಸಿದರೂ ರೋಗಿಗಳು ಗುಣವಾದರು ಎಂದು ಅಪೊಸ್ತಲರ ಕೃತ್ಯಗಳು 19ರಲ್ಲಿದೆ. ಅದೇ ಪೌಲನು 2 ತಿಮೊಥೆಯ 4:20ರಲ್ಲಿ, ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದೆ ಅನ್ನುತ್ತಾನೆ. ಕೈಯಿಟ್ಟು ಪ್ರಾರ್ಥಿಸಿರಲಿಕ್ಕಿಲ್ಲವಾ? 1 ತಿಮೊಥೆಯ 5:23ರಲ್ಲಿ ತಿಮೊಥೆಯನ ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸ ತಗೋ ಅನ್ನುತ್ತಾನೆ. ಯುವಕರೇ, ಆ ವಚನವನ್ನು ಬೇರೆ ಕಡೆ ತಿರುಗಿಸಬೇಡಿ, ಅಲ್ಲಿರುವುದು ಮದ್ದು! ಕೊಲೊಸ್ಸೆ 4:14ರಲ್ಲಿ ಪೌಲನ ಜೊತೆಗಾರ ಲೂಕನು ವೈದ್ಯ. "ಅಮ್ಮಾ, ತ್ರೊಫಿಮನಿಗೆ ನಂಬಿಕೆ ಕಡಿಮೆ ಅಂತ ಪೌಲ ಬರೆಯಲಿಲ್ಲ, ನಿಮಗೂ ಯಾರೂ ಹಾಗೆ ಹೇಳಬಾರದು" ಅಂದೆ.

ಈ ವಚನಗಳನ್ನು ಯಾರೂ ವಾಟ್ಸಾಪ್ ಸ್ಟೇಟಸ್‌ಗೆ ಹಾಕುವುದಿಲ್ಲ. ಹೊಟ್ಟೆನೋವು, ಕಾಯಿಲೆ ಬಿದ್ದ ಗೆಳೆಯ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿ. ಇವು ಸತ್ಯವೇದದಲ್ಲಿ ಯಾಕೆ ಉಂಟು ಅಂತ ಕೇಳುವವರಿದ್ದಾರೆ. ಒಂದೇ ಕಲ್ಲಿನ ಸತ್ಯವೇದ ಬೇಕೆನ್ನುವವರಿಗೆ ಇವು ನಾಚಿಕೆ. ನನಗೆ ಇವು ದೇವರ ಕರುಣೆ. ನಾವು ದೊಡ್ಡ ವಾಗ್ದಾನಗಳನ್ನು ಹಿಡಿದು ಹಾರಿ ಬೀಳದ ಹಾಗೆ ಪವಿತ್ರಾತ್ಮನು ಈ ಸಣ್ಣ ಮಾತುಗಳನ್ನು ಉಳಿಸಿದ್ದಾನೆ.

ಕಾಪುವಿನ ದೀಪಸ್ತಂಭ 1901ರಿಂದ ಬಂಡೆಯ ಮೇಲೆ ನಿಂತಿದೆ. ಬೋಟಿನವರನ್ನು ಕೇಳಿ: ಬೆಳಕು ಕಂಡಿತು ಅಂತ ನೇರ ಅದರ ಕಡೆಗೇ ನುಗ್ಗಿದರೆ ಬಂಡೆಗೆ ಬಡಿಯುತ್ತದೆ. ಬೆಳಕು ನೋಡಿ ನಾವೆಲ್ಲಿದ್ದೇವೆ ಅಂತ ತಿಳಿದು, ದಾರಿ ಹಿಡಿದು ಹೋಗಬೇಕು. ವಚನವೂ ಹಾಗೇ.

ಮಣಿಪಾಲದ ಆ ತಮ್ಮನಿಗೆ ನನ್ನ ಉತ್ತರ ಇಷ್ಟೇ. ಗುಣಪಡಿಸುವ ದೇವರನ್ನು ನಾವು ಒಂದು ವಚನದ ಮೇಲೆ ನಿಲ್ಲಿಸಿಲ್ಲ. ಯಾಕೋಬ 5 ಉಂಟು, 1 ಕೊರಿಂಥ 12 ಉಂಟು, ನಾಲ್ಕೂ ಸುವಾರ್ತೆಗಳ ತುಂಬ ಯೇಸುವಿನ ಕೈ ಉಂಟು. ಟಿಪ್ಪಣಿಯನ್ನೂ ಓದು, ಹೆದರಬೇಡ. ಇಡೀ ಪತ್ರ ಓದು. ಯಾರಾದರೂ ಒಂದು ವಚನ ತಂದು ನಿನ್ನನ್ನು ಹೆದರಿಸಿದರೆ, ಅದನ್ನು ಯಾರು ಯಾರಿಗೆ ಹೇಳಿದರು, ಉಳಿದ ಶಾಸ್ತ್ರ ಏನು ಹೇಳುತ್ತದೆ ಅಂತ ಕೇಳು. 2 ತಿಮೊಥೆಯ 3:16ನ್ನು ಓದುವವರು 17ನ್ನೂ ಓದಬೇಕು: ದೇವರು ಶಾಸ್ತ್ರಕ್ಕೆ ಉಸಿರು ಕೊಟ್ಟದ್ದು ನಾವು ಒಳ್ಳೇ ಕೆಲಸಕ್ಕೆ ಸಿದ್ಧರಾಗಲಿ ಎಂದು. ನಮ್ಮ ಓದಿನಿಂದ ಪಕ್ಕದ ಮನೆಯ ಅಮ್ಮ ಸಾಯುವುದಾದರೆ, ನಾವು ಓದಿದ್ದು ಸರಿಯಿಲ್ಲ.

ತಲೆಬಾಗಿ ಪ್ರಾರ್ಥಿಸೋಣ. ಕರ್ತನೇ, ನಿನ್ನ ಮಾತನ್ನು ನಮ್ಮಂಥವರ ಬಾಯಿಗೆ, ನಮ್ಮಂಥವರ ಕೈಗೆ ನಂಬಿ ಕೊಟ್ಟೆಯಲ್ಲಾ, ಸ್ತೋತ್ರ. ಅದನ್ನು ಪ್ರಾಮಾಣಿಕವಾಗಿ ಓದುವ ಧೈರ್ಯ ಕೊಡು. ಅದನ್ನು ಹಿಡಿದು ಯಾರನ್ನೂ ನೋಯಿಸದ ಮನಸ್ಸು ಕೊಡು. ಕಾಯಿಲೆಯಲ್ಲಿರುವ ನಮ್ಮವರನ್ನು ಮುಟ್ಟು, ಅವರನ್ನು ನೋಡಿಕೊಳ್ಳುವ ಡಾಕ್ಟರ್, ನರ್ಸ್‌ಗಳ ಕೈಗಳನ್ನೂ ಆಶೀರ್ವದಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.