ದೇವರಿಗೆ ಭೂತಕಾಲ ಉಂಟೇ?

ವಾಕ್, ವಾಕ್ಡ್, ವಾಕ್ಡ್. ಪ್ಲೇ, ಪ್ಲೇಡ್, ಪ್ಲೇಡ್. ಇಂಗ್ಲಿಷ್ ಕಲಿಯುವ ಮಕ್ಕಳು ಮಗ್ಗಿಯಂತೆ ಒಪ್ಪಿಸುವ ಪಟ್ಟಿ ಇದು. ಕ್ರಿಯಾಪದ ನಿಯಮಬದ್ಧವಾಗಿದ್ದರೆ ಕಷ್ಟವಿಲ್ಲ, ಕೊನೆಗೆ ‘ಇ-ಡಿ’ ಸೇರಿಸಿದರೆ ಕೆಲಸ ಭೂತಕಾಲಕ್ಕೆ ಸೇರಿತು. ಇನ್ನೆರಡು ಪುಟ ತಿರುವಿದರೆ ದೊಡ್ಡ ಕೋಷ್ಟಕವೇ ಎದುರಾಗುತ್ತದೆ: ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಅಂಕಣ, ತಲಾ ನಾಲ್ಕರಂತೆ 12 ರೂಪ.

ಈ ಕೋಷ್ಟಕ ನೋಡಿದವರಿಗೆ ಮೂರೂ ಕಾಲಗಳು ಸಮಾನ ಎನಿಸುವುದು ಸಹಜ. ಕ್ರಿಯಾಪದವನ್ನೇ ಕೇಳಿದರೆ ಅದು ಬೇರೆ ಕಥೆ ಹೇಳುತ್ತದೆ. ಅದಕ್ಕಿರುವುದು ನಾಲ್ಕೇ ರೂಪ: ವಾಕ್, ವಾಕ್ಸ್, ವಾಕ್ಡ್, ವಾಕಿಂಗ್. ಮುಗಿದದ್ದಕ್ಕೆ ಒಂದು ಪ್ರತ್ಯಯ ಉಂಟು. ಬರಲಿರುವುದಕ್ಕೆ ಒಂದೂ ಇಲ್ಲ. ಪಕ್ಕದಲ್ಲಿ ನಿಂತು ನೆರವಾಗುವ ‘ವಿಲ್’ ಹಳೆಯ ಇಂಗ್ಲಿಷಿನಲ್ಲಿ ಬಯಕೆಯನ್ನು ಹೇಳುವ ಕ್ರಿಯಾಪದವಾಗಿತ್ತು. ಮೂರು ಅಂಕಣಗಳ ವಿನ್ಯಾಸ ಲ್ಯಾಟಿನ್ನಿನಿಂದ ತಂದ ಸಾಲ. ವಿಲಿಯಂ ಬುಲ್ಲೋಕರ್ 1586ರಲ್ಲಿ ಇಂಗ್ಲಿಷಿಗೆ ಮೊದಲ ವ್ಯಾಕರಣ ಬರೆದಾಗ ಅವನೆದುರು ಮಾದರಿಯಾಗಿದ್ದದ್ದು ಲಿಲಿ ಎಂಬಾತನ ಲ್ಯಾಟಿನ್ ವ್ಯಾಕರಣ. ಅಲ್ಲಿ ‘ಅಮೋ’ ಎಂಬುದನ್ನು ‘ಅಮಾಬೋ’ ಎಂದರೆ ಸಾಕು, ಪ್ರೀತಿ ನಾಳೆಗೆ ಹೋಗುತ್ತದೆ.

ಅದೇ ಲ್ಯಾಟಿನ್ನಿನಲ್ಲಿ ಕ್ರೈಸ್ತ ಪಂಡಿತರು ಕ್ರಿಯಾರೂಪಗಳನ್ನು ಹಿಡಿದು ಶತಮಾನಗಳ ಕಾಲ ವಾದ ಮಾಡಿದರು. ಅಬ್ರಹಾಮ ನಂಬಿದ್ದು ಕ್ರಿಸ್ತ ಬರುವನು ಎಂದು, ನಂತರದವರು ನಂಬುವುದು ಬಂದನು ಎಂದು. ಇಬ್ಬರ ನಂಬಿಕೆಯೂ ಒಂದೇ ಹೌದೋ ಅಲ್ಲವೋ? ಮಾತಿನ ರೂಪ ಬದಲಾದರೂ ನಂಬಿಕೆ ಬದಲಾಗಲಿಲ್ಲ ಎಂಬುದು ಸಂತ ಆಗಸ್ಟೀನನ ಪಕ್ಷ. 12ನೇ ಶತಮಾನದಲ್ಲಿ ನಾಮವಾದಿಗಳೆನಿಸಿಕೊಂಡವರು ಇದನ್ನು ದೇವರ ಜ್ಞಾನದವರೆಗೂ ಎಳೆದರು. ಸರ್ವಜ್ಞನು ಹೊಸದಾಗಿ ಏನನ್ನೂ ಕಲಿಯಲಾರ, ತಿಳಿದದ್ದನ್ನು ಕಳೆದುಕೊಳ್ಳಲೂ ಆರ. ಹಾಗಿದ್ದರೆ ಹುಟ್ಟುವನು, ಹುಟ್ಟುತ್ತಾನೆ, ಹುಟ್ಟಿದನು ಎಂಬ ಮೂರೂ ಒಂದೇ ಹೇಳಿಕೆಯಾಗಬೇಕಲ್ಲ! 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಇದನ್ನು ಒಪ್ಪಲಿಲ್ಲ. ಮೂರೂ ಬೇರೆ ಬೇರೆ ಹೇಳಿಕೆಗಳೇ. ಒಂದು ಹೇಳಿಕೆ ಈಗ ನಿಜವಾಗಿದ್ದು ಆಮೇಲೆ ಸುಳ್ಳಾಗಬಹುದು. ದೇವರು ಅದನ್ನೂ ಬಲ್ಲ, ಆದರೆ ಮನುಷ್ಯರಂತೆ ವಾಕ್ಯ ಕಟ್ಟಿ ತಿಳಿಯುವುದಿಲ್ಲವಾದ್ದರಿಂದ ಅವನ ಅರಿವು ಮಾತ್ರ ಬದಲಾಗುವುದಿಲ್ಲ ಎಂದ.

ಜಾಣ ಉತ್ತರ. ಆದರೂ ಎಲ್ಲೋ ಒಂದು ಎಳೆ ತಪ್ಪಿಸಿಕೊಂಡಂತಿದೆ, ಮತ್ತು ಅದನ್ನು ಹಿಡಿದದ್ದು 20ನೇ ಶತಮಾನದ ಒಬ್ಬ ತರ್ಕಶಾಸ್ತ್ರಜ್ಞ.

ಆರ್ಥರ್ ಪ್ರಯರ್ 1914ರಲ್ಲಿ ನ್ಯೂಜಿಲೆಂಡಿನ ಮಾಸ್ಟರ್ಟನ್‌ನಲ್ಲಿ ಹುಟ್ಟಿದವರು, ಮೆಥಡಿಸ್ಟ್ ಮನೆಯಲ್ಲಿ ಬೆಳೆದವರು. ಕ್ರಿಯಾಪದಗಳ ಕಾಲಕ್ಕೆಂದೇ ಒಂದು ತರ್ಕವನ್ನು ಕಟ್ಟಿದ ಖ್ಯಾತಿ ಅವರದು. 1959ರ ಒಂದು ಲೇಖನದಲ್ಲಿ ಅವರು ಗಮನಿಸಿದ್ದು ತೀರಾ ಸಣ್ಣ ಸಂಗತಿ: ಬೇಡವಾದದ್ದು ಮುಗಿದಾಗ ‘ಸದ್ಯ, ಮುಗಿಯಿತಲ್ಲ’ ಎಂದು ಜನ ಉಸಿರುಬಿಡುತ್ತಾರೆ. ಆ ಕೆಲಸ ಇಂಥ ತಾರೀಕಿನಂದು ಕೊನೆಗೊಳ್ಳುತ್ತದೆಂಬುದು ಮೊದಲೇ ಗೊತ್ತಿತ್ತು, ಆಗ ಯಾರಿಗೂ ಸಮಾಧಾನವಾಗಿರಲಿಲ್ಲ. ಸಮಾಧಾನ ಬಂದದ್ದು ತಾರೀಕಿನಿಂದಲ್ಲ, ‘ಮುಗಿಯಿತು’ ಎಂಬುದರಿಂದ. ಮೂರು ವರ್ಷಗಳ ನಂತರ, 1962ರಲ್ಲಿ, ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳುತ್ತಿದ್ದ ಪ್ರಯರ್ ಇದೇ ಪ್ರಶ್ನೆಯನ್ನು ದೇವರ ಮುಂದಿಟ್ಟರು. ಕಾಲದ ಆಚೆ ನಿಂತವನು 1960ರ ಮ್ಯಾಂಚೆಸ್ಟರ್ ಅಂತಿಮ ಪರೀಕ್ಷೆಗಳ ತಾರೀಕನ್ನು ಬಲ್ಲ. ಅವು ಈಗ ಮುಗಿದಿವೆ ಎಂಬುದನ್ನು ಬಲ್ಲನೇ? ಬಲ್ಲನೆಂದರೆ ನಿನ್ನೆ ಇಲ್ಲದ ಅರಿವು ಇಂದು ಬಂದಂತಾಯಿತು. ಇಲ್ಲವೆಂದರೆ ಹಾಲ್‌ನಿಂದ ಹೊರಬಂದ ಪ್ರತಿ ವಿದ್ಯಾರ್ಥಿಗೂ ಗೊತ್ತಿರುವುದು ಸರ್ವಜ್ಞನಿಗೆ ಗೊತ್ತಿಲ್ಲ. ಇದನ್ನು ಬರಿಯ ವ್ಯಾಕರಣದ ಗೊಂದಲವೆಂದು ತಳ್ಳಿಹಾಕಿದವರು ಆ ಉಸಿರಿಗೆ ಸರಿಯಾದ ಲೆಕ್ಕ ಕೊಟ್ಟಿಲ್ಲ.

ಹಾಗೆಂದು ಪ್ರತ್ಯಯಗಳನ್ನೇ ಸಾಕ್ಷಿಗೆ ಕರೆಯುವುದೂ ತರವಲ್ಲ. ಚೀನೀ ಕ್ರಿಯಾಪದಗಳು ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಅಲ್ಲಿನವರು ನಿನ್ನೆಯನ್ನು ಮರೆತಿಲ್ಲ. ಕನ್ನಡ ಪಠ್ಯದಲ್ಲಿ ‘ಹೋಗುವೆನು’ ಭವಿಷ್ಯತ್ತು, ಬಾಯಲ್ಲಿ ಮಾತ್ರ ‘ನಾಳೆ ಹೋಗ್ತೀನಿ’.

ಪ್ರಶ್ನೆ ಪಂಡಿತರ ಕೋಣೆಯಿಂದ ಹೊರಬೀಳುವುದು ಪ್ರಾರ್ಥನೆಯ ಹೊತ್ತಿಗೆ. ಯಹೂದ್ಯರ ಮಿಷ್ನಾ ಗ್ರಂಥ ಇಲ್ಲಿ ನಿಷ್ಠುರವಾಗಿದೆ: ಊರಿಗೆ ಮರಳುವಾಗ ಕೂಗಾಟ ಕೇಳಿಸಿದರೆ, ಅದು ನನ್ನ ಮನೆಯದಾಗದಿರಲಿ ಎಂದು ಬೇಡುವುದು ವ್ಯರ್ಥ ಪ್ರಾರ್ಥನೆ. ಆಗುವುದು ಆಗಿಹೋಗಿದೆ. ಬ್ರಿಟನ್ನಿನ ತತ್ವಜ್ಞಾನಿ ಮೈಕೆಲ್ ಡಮ್ಮೆಟ್ 1964ರಲ್ಲಿ ಇದನ್ನು ಪ್ರಶ್ನಿಸಿದರು. ಎರಡು ಗಂಟೆ ಹಿಂದೆ ಹಡಗು ಮುಳುಗಿತೆಂದು, ಕೆಲವರು ಬದುಕಿದ್ದಾರೆಂದು ರೇಡಿಯೋದಲ್ಲಿ ಕೇಳಿದ ತಂದೆ, ಬದುಕಿದವರಲ್ಲಿ ಮಗನೂ ಇರಲಿ ಎಂದು ಬೇಡಿದರೆ ತಪ್ಪೇನು? ಈ ಬೇಡಿಕೆ ಬರಲಿದೆಯೆಂದು ದೇವರಿಗೆ ಮೊದಲೇ ಗೊತ್ತಿದ್ದಿರಬಹುದಲ್ಲ.

ಈ ನೆಲದಲ್ಲಿ ಮಿಷ್ನಾದ ಮಾತು ಹೆಚ್ಚು ನಡೆಯದು. ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿದು, ಅಂಕಗಳೆಲ್ಲ ಕಂಪ್ಯೂಟರ್ ಸೇರಿದ ಮೇಲೂ ಫಲಿತಾಂಶದ ಹಿಂದಿನ ಸಂಜೆ ಗಣಪತಿಗೆ ಗರಿಕೆ ಏರುತ್ತದೆ. ತರ್ಕದಲ್ಲಿ ಪ್ರಯರ್ ಪರ ವಾಲುವವರೂ ಗರಿಕೆ ಏರಿಸುವ ತಾಯಂದಿರನ್ನು ತಡೆಯಲಾರರು. ತಡೆಯಬೇಕಾಗಿಯೂ ಇಲ್ಲ: ಫಲಿತಾಂಶ ಬಂದ ಮೇಲೆ ಹೋದ ಅಂಕಕ್ಕಾಗಿ ಯಾರೂ ಹರಕೆ ಹೊರುವುದಿಲ್ಲ, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುತ್ತಾರೆ.