ಗೆಲವೂ ಅಧಿಕಾರವೂ

ಆಟದಲ್ಲಿ ಗೆದ್ದವರು ಯಾರೆಂಬ ಪ್ರಶ್ನೆಗೆ ಉತ್ತರವು ಸುಲಭವೆಂದು ಲೋಕವು ನಂಬಿದೆ. ಚೆಂಡು ಗೆರೆಯನ್ನು ದಾಟಿತು, ನೋಡುವವರು ನೋಡಿದರು, ಎಣಿಸುವವರು ಎಣಿಸಿದರು, ಇನ್ನು ವಿವಾದಕ್ಕೆ ಎಡೆಯೆಲ್ಲಿ? ಆದರೆ ಗೆದ್ದವರಿಗೆ ಆಡುವ ಅಧಿಕಾರವಿದ್ದಿತೇ ಎಂದು ಆಟವು ಮುಗಿದ ಮೇಲೆ ಕೇಳಿದರೆ, ಆ ಗೆಲವಿನ ಗತಿಯೇನು? 2004ನೆಯ ಇಸವಿಯಲ್ಲಿ ನಡೆದ ಒಂದು ಸಂಗತಿಯು ಈ ಪ್ರಶ್ನೆಯನ್ನು ಧರ್ಮವಿಚಾರಕರ ಮುಂದೆ ಸ್ಪಷ್ಟವಾಗಿ ನಿಲ್ಲಿಸುತ್ತದೆ.

ರೋಲರ್ ಹಾಕಿಯೆಂಬ ಆಟವು ನಮ್ಮ ನಾಡಿನವರಿಗೆ ಅಷ್ಟಾಗಿ ಪರಿಚಿತವಲ್ಲ. ನಾಲ್ಕು ನಾಲ್ಕು ಗಾಲಿಗಳುಳ್ಳ ಪಾದರಕ್ಷೆಗಳನ್ನು ಧರಿಸಿ, ತುದಿ ಬಾಗಿದ ಕೋಲಿನಿಂದ ಗಟ್ಟಿಯಾದ ಚೆಂಡನ್ನು ಹೊಡೆಯುತ್ತ, ಸುಮಾರು 40 ಮೀಟರು ಉದ್ದವೂ 20 ಮೀಟರು ಅಗಲವೂ ಉಳ್ಳ ನುಣ್ಣನೆಯ ಅಂಕಣದಲ್ಲಿ ಇದನ್ನು ಆಡುತ್ತಾರೆ. ಪಕ್ಷಕ್ಕೆ ಐದು ಮಂದಿ. ಅವರಲ್ಲೊಬ್ಬನು ಗೋಲನ್ನು ಕಾಯತಕ್ಕವನು. ರಾಷ್ಟ್ರಗಳ ನಡುವಣ ಪ್ರಥಮ ವಿಶ್ವಸ್ಪರ್ಧೆಯು 1936ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ನಡೆದು, ಇಂಗ್ಲೆಂಡಿನವರು ಗೆದ್ದರು. ಕಾಲಕ್ರಮದಲ್ಲಿ ಪೋರ್ಚುಗಲ್, ಸ್ಪೇನ್, ಇಟಲಿ, ಅರ್ಜೆಂಟೀನ ದೇಶಗಳು ಇದರಲ್ಲಿ ಪ್ರಬಲವಾದುವು. 1992ರ ಬಾರ್ಸಿಲೋನ ಒಲಿಂಪಿಕ್ಸಿನಲ್ಲಿ ಇದನ್ನು ಪ್ರದರ್ಶನದ ಆಟವಾಗಿ ಸೇರಿಸಿದಾಗ ಅರ್ಜೆಂಟೀನದವರು ಕೊನೆಯ ಪಂದ್ಯದಲ್ಲಿ ಸ್ಪೇನಿನವರನ್ನು ಸೋಲಿಸಿದರು. ಆ ಬಾರ್ಸಿಲೋನವು ಕ್ಯಾಟಲೋನಿಯ ಸೀಮೆಯ ರಾಜಧಾನಿ. ಸ್ಪೇನಿನಲ್ಲಿ ಈ ಆಟದ ತವರು ಆ ಸೀಮೆಯೇ. ಸ್ಪೇನಿನ ಪಕ್ಷದಲ್ಲಿ ಆಡುವ ಬಹುಮಂದಿ ಅಲ್ಲಿ ಹುಟ್ಟಿ ಬೆಳೆದವರೇ. ಆ ಸೀಮೆಯವರಿಗೆ ತಮ್ಮದೇ ಆದ ಭಾಷೆಯುಂಟು, ಸಾಹಿತ್ಯವುಂಟು, ಪೂರ್ವೇತಿಹಾಸದ ನೆನಪುಂಟು. ಸ್ವತಂತ್ರರಾಜ್ಯವು ಮಾತ್ರ ಇಲ್ಲ.

2004ರ ಮಾರ್ಚಿ ತಿಂಗಳಿನಲ್ಲಿ ಈ ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟವು ಕ್ಯಾಟಲೋನಿಯಕ್ಕೆ ತಾತ್ಕಾಲಿಕ ಸದಸ್ಯತ್ವವನ್ನು ಕೊಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮಕಾವುವಿನಲ್ಲಿ ನಡೆದ ಎರಡನೆಯ ದರ್ಜೆಯ ವಿಶ್ವಸ್ಪರ್ಧೆಗೆ ಕ್ಯಾಟಲೋನಿಯದವರು ಸ್ವಂತ ಹೆಸರಿನಿಂದ ಹೋದರು. ಕೊನೆಯ ಪಂದ್ಯದಲ್ಲಿ ಇಂಗ್ಲೆಂಡಿನವರನ್ನು ಸೋಲಿಸಿ ಪ್ರಥಮಸ್ಥಾನವನ್ನು ಪಡೆದರು. ತರುವಾಯ ನವೆಂಬರಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಫ್ರೆಸ್ನೊ ನಗರದಲ್ಲಿ ಒಕ್ಕೂಟದ ಮಹಾಸಭೆಯು ಸೇರಿ, ಬಹುಮತದಿಂದ ಆ ಸದಸ್ಯತ್ವವನ್ನು ನಿರಾಕರಿಸಿತು. ಕರೆದು ಕುಳ್ಳಿರಿಸಿದ ಅತಿಥಿಯನ್ನು ಊಟದ ತರುವಾಯ ಪಂಕ್ತಿಗೆ ಅರ್ಹನಲ್ಲವೆಂದು ಎಬ್ಬಿಸಿದಂತಾಯಿತು.

ನಿರಾಕರಿಸಿದವರ ಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಸ್ಪೇನ್ ದೇಶವು ಮೊದಲೇ ಸದಸ್ಯನಾಗಿರುವಾಗ ಅದರ ಒಂದು ಭಾಗವು ಬೇರೊಂದು ಪೀಠವನ್ನು ಬೇಡುವುದು ಹೇಗೆ? ಒಂದಕ್ಕೆ ಒಪ್ಪಿದರೆ ನಾಳೆ ಹತ್ತು ಸೀಮೆಗಳು ಬಾಗಿಲನ್ನು ತಟ್ಟಲಾರವೆ? ಮೇಲಾಗಿ, ಕೊಟ್ಟುದು ತಾತ್ಕಾಲಿಕ ಸದಸ್ಯತ್ವವೆಂಬುದು ಎಲ್ಲರಿಗೂ ತಿಳಿದೇ ಇದ್ದಿತು. ಅಂತಿಮನಿರ್ಣಯವು ಮಹಾಸಭೆಯದಾಗಿರಲು ವಂಚನೆಯೆಲ್ಲಿ ಬಂದಿತು? ಈ ಮಾತುಗಳು ಹಗುರವಾದುವಲ್ಲ.

ಆದರೆ ಆ ಅಂಕಣವನ್ನೇ ಒಮ್ಮೆ ನೋಡೋಣವಾಗಲಿ. ಎದುರಾಳಿಯಾದ ಇಂಗ್ಲೆಂಡ್ ಸ್ವತಂತ್ರ ರಾಜ್ಯವಲ್ಲ; ಗ್ರೇಟ್ ಬ್ರಿಟನ್ನಿನ ಸಂಯುಕ್ತರಾಜ್ಯದ ಒಂದು ಭಾಗ. ಸ್ಪರ್ಧೆಗೆ ಎಡೆಗೊಟ್ಟ ಮಕಾವು ಬಹುಕಾಲ ಪೋರ್ಚುಗೀಸರ ಕೈಯಲ್ಲಿದ್ದು 1999ರಲ್ಲಿ ಚೀನಾದೇಶಕ್ಕೆ ಸೇರಿದ ಸಣ್ಣ ಪಟ್ಟಣ. ಅದಕ್ಕೂ ಈ ಆಟದಲ್ಲಿ ತನ್ನದೇ ಆದ ಪಕ್ಷವುಂಟು. ಆದುದರಿಂದ ಈ ಸಭೆಯಲ್ಲಿ ‘ರಾಷ್ಟ್ರ’ವೆಂಬ ಶಬ್ದಕ್ಕೆ ‘ಸ್ವತಂತ್ರ ರಾಜ್ಯ’ವೆಂಬ ಅರ್ಥವು ಎಂದೂ ನಿಯತವಾಗಿರಲಿಲ್ಲ. ಒಬ್ಬನಿಗೆ ರೂಢಿಯಿಂದ ಸಂದ ಅರ್ಥವನ್ನು ಇನ್ನೊಬ್ಬನಿಗೆ ಲಕ್ಷಣವನ್ನು ಮುಂದಿಟ್ಟು ನಿರಾಕರಿಸುವಾಗ, ಕಾರಣವನ್ನು ಬಿಚ್ಚಿ ಹೇಳತಕ್ಕ ಭಾರವು ನಿರಾಕರಿಸುವವನ ಮೇಲೆಯೇ ಬೀಳುವುದು.

ಇಲ್ಲಿ ಮೀಮಾಂಸಕರ ಒಂದು ವಿವೇಕವು ಸಹಾಯಕ್ಕೆ ಬರುತ್ತದೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯವು ಅಧಿಕಾರವಿಚಾರಕ್ಕೆ ಮೀಸಲಾದುದು. ಯಾಗದ ಫಲವಾದ ಸ್ವರ್ಗವು ಕಣ್ಣಿಗೆ ಕಾಣದು. ಆದುದರಿಂದ ಯಾರು ಅಧಿಕಾರಿಯೆಂಬುದನ್ನು ವಿಧಿಯಿಂದಲೇ ತಿಳಿಯಬೇಕು. ಆದರೆ ಯಾಗಕ್ಕಾಗಿ ಭತ್ತವನ್ನು ಕುಟ್ಟುವುದರ ಫಲವು ದೃಷ್ಟವಾದುದು. ಕುಟ್ಟಿದರೆ ಹೊಟ್ಟು ಹೋಗುತ್ತದೆ, ಕುಟ್ಟಿದವರು ಯಾರಾದರೇನು? ಮಕಾವುವಿನ ಗೆಲವಿನಲ್ಲಿಯೂ ಈ ಎರಡು ಅಂಶಗಳಿವೆ. ಈ ಆಟಗಾರರು ಆ ಆಟಗಾರರಿಗಿಂತ ಮೇಲಾಗಿ ಆಡಿದರೆಂಬುದು ದೃಷ್ಟಫಲ. ಫ್ರೆಸ್ನೊ ನಗರದಲ್ಲಿ ಎಷ್ಟು ಕೈಗಳು ಮೇಲೆದ್ದರೂ ಅದು ಅಳಿಯದು. ಒಂದು ರಾಷ್ಟ್ರವು ಗೆದ್ದಿತೆಂಬುದು ಸಭೆಯ ಮನ್ನಣೆಯನ್ನು ಅಪೇಕ್ಷಿಸತಕ್ಕುದು. ಮೊದಲನೆಯದನ್ನು ಅಳಿಸುವ ಶಕ್ತಿಯು ಸಭೆಗಿಲ್ಲ. ಎರಡನೆಯದನ್ನು ಬಲವಂತವಾಗಿ ಪಡೆಯುವ ಹಕ್ಕು ಗೆದ್ದವರಿಗಿಲ್ಲ. ಇಷ್ಟನ್ನು ವಿಂಗಡಿಸಿದರೆ ಅರ್ಧ ಕಲಹವು ಶಾಂತವಾಗುತ್ತದೆ.

ಉಳಿದ ಅರ್ಧವು ಕಾಲಕ್ಕೆ ಸಂಬಂಧಪಟ್ಟುದು. ಹಸ್ತಿನಾವತಿಯ ರಂಗಸ್ಥಳದಲ್ಲಿ ಕರ್ಣನು ಅರ್ಜುನನನ್ನು ದ್ವಂದ್ವಕ್ಕೆ ಕರೆದಾಗ ಕೃಪಾಚಾರ್ಯರು ಅವನ ಕುಲವನ್ನು ಕೇಳಿದರು. ಆ ಪ್ರಶ್ನೆಯು ಕಠೋರವಾದುದೆಂದು ಸಹೃದಯರೆಲ್ಲರೂ ನೊಂದುಕೊಂಡಿದ್ದಾರೆ. ಆದರೂ ಅದರಲ್ಲೊಂದು ಪ್ರಾಮಾಣಿಕತೆಯುಂಟು: ಅವರು ಯುದ್ಧಕ್ಕೆ ಮೊದಲೇ ಕೇಳಿದರು. ಕರ್ಣನು ಗೆಲ್ಲುವುದನ್ನು ನೋಡಿದ ಮೇಲೆ ಕೇಳಲಿಲ್ಲ. ಬಾಲಕನನ್ನು ಪರೀಕ್ಷೆಗೆ ಕುಳ್ಳಿರಿಸಿ, ಅವನು ಪ್ರಥಮನಾಗಿ ತೇರ್ಗಡೆಯಾದ ಮೇಲೆ ಅವನ ಹೆಸರು ದಾಖಲೆಯಲ್ಲಿರಲು ತಕ್ಕುದೇ ಎಂದು ಚರ್ಚಿಸುವ ಶಾಲೆಯನ್ನು ಯಾವ ತಂದೆಯು ಮೆಚ್ಚುವನು? ‘ತಾತ್ಕಾಲಿಕ’ವೆಂಬ ಶಬ್ದವು ಶಾಲೆಯನ್ನು ನ್ಯಾಯಸ್ಥಾನದಲ್ಲಿ ಕಾಪಾಡಬಹುದು, ಬಾಲಕನ ಮುಖವನ್ನು ನೋಡುವಾಗ ಅದು ಕಾಪಾಡದು.

ಆ ಕಥೆಯಲ್ಲಿಯೇ ಇನ್ನೊಂದು ಎಚ್ಚರಿಕೆಯೂ ಇದೆ. ದುರ್ಯೋಧನನು ಅಲ್ಲಿಯೇ ಕರ್ಣನಿಗೆ ಅಂಗರಾಜ್ಯದ ಪಟ್ಟವನ್ನು ಕಟ್ಟಿದನು. ಲೋಕವು ಅದನ್ನು ಔದಾರ್ಯವೆಂದಿತು; ಆದರೆ ಆ ಕಿರೀಟವು ಋಣವಾಗಿ ಕರ್ಣನ ತಲೆಯ ಮೇಲೆ ಕೊನೆಯವರೆಗೆ ನಿಂತಿತು. ಆಟಗಾರನಿಗೆ ಮನ್ನಣೆಯನ್ನು ಕೊಡಿಸಲು ಓಡಿಬರುವವರೆಲ್ಲರೂ ಆಟವನ್ನು ಪ್ರೀತಿಸುವವರಲ್ಲ. ನಿರಾಕರಿಸಲು ನಿಲ್ಲುವವರೆಲ್ಲರೂ ನಿಯಮವನ್ನು ಪ್ರೀತಿಸುವವರಲ್ಲ. ಇಬ್ಬರ ಕೈಯಲ್ಲಿಯೂ ಅವನು ಅಂಕಣದ ಚೆಂಡಿನಂತಾಗಬಹುದು. ಗಾಲಿಯ ಪಾದರಕ್ಷೆಯನ್ನು ಕಟ್ಟಿ ಬಾಲ್ಯದಿಂದ ಬಿದ್ದೂ ಎದ್ದೂ ಕಲಿತವನ ಶ್ರಮವು ಯಾವ ಪಕ್ಷದ ಸೊತ್ತೂ ಅಲ್ಲ.

ಆದುದರಿಂದ ಸಭೆಗಳು ಬಾಗಿಲನ್ನು ಮುಚ್ಚಬಾರದೆಂದು ಹೇಳಲಾಗದು. ಮುಚ್ಚತಕ್ಕ ಬಾಗಿಲನ್ನು ಆಟಕ್ಕೆ ಮೊದಲು ಮುಚ್ಚಲಿ, ತೆರೆದ ಬಾಗಿಲಿಗೆ ಮಾತನ್ನು ಉಳಿಸಿಕೊಳ್ಳಲಿ. ಕುಲವನ್ನು ಕೇಳಲೇಬೇಕಾದರೆ ಹೊಸ್ತಿಲಲ್ಲಿ ಕೇಳತಕ್ಕುದು. ಒಳಗೆ ಬಂದು, ಬೆವರು ಸುರಿಸಿ, ಗೆದ್ದು ನಿಂತವನನ್ನು ಕೇಳಿದಾಗ, ಆ ಪ್ರಶ್ನೆಯು ಅವನ ಕುಲಕ್ಕಿಂತ ಹೆಚ್ಚಾಗಿ ಕೇಳಿದವರ ಶೀಲವನ್ನೇ ಪ್ರಕಟಿಸುತ್ತದೆ.